ಏಳು ಪ್ರಭಾವಗಳೂ ಒಂದು ಚಿಲಕವೂ

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನ ಒಬ್ಬ ಕಾದಂಬರಿಕಾರರ ಬಗ್ಗೆ ನಾನು ಮಂಡ್ಯದ ಕಾಲೇಜೊಂದರಲ್ಲಿ ಆರು ವರ್ಷ ಪಾಠ ಹೇಳಿದೆ. ಅವರು ಬರೆದದ್ದು ಹನ್ನೊಂದು ಕಾದಂಬರಿ, ನಾನು ಓದಿದ್ದು ಎರಡೂವರೆ. ಆ ಅರ್ಧಕ್ಕೂ ಒಂದು ಕಾರಣವಿದೆ. ಮೈಸೂರಿನ ಹಾಸ್ಟೆಲಿನಲ್ಲಿ ಸಿಕ್ಕಿದ ಪ್ರತಿಯ ಕೊನೆಯ ನೂರು ಪುಟಗಳನ್ನು ಗೆದ್ದಲು ನನಗಿಂತ ಮೊದಲೇ ಮುಗಿಸಿತ್ತು. ಕಥೆ ಹೇಗೆ ಮುಗಿಯಿತು ಎಂದು ಅದನ್ನು ಕೇಳುವ ಹಾಗಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಮ್ಮಮ್ಮ ಐವತ್ತು ವರ್ಷ ಸಂಸಾರ ಮಾಡಿಯೂ ನಮ್ಮಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ‘ಅವರು’ ಎಂದರೆ ಸಾಕು, ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಈ ಕಾದಂಬರಿಕಾರರಿಗೂ ನನಗೂ ಇದ್ದದ್ದು ಹೆಚ್ಚುಕಡಿಮೆ ಅದೇ ಬಗೆಯ ಸಂಬಂಧ. ಹಿರಿಯರು ಗೊತ್ತು ಮಾಡಿದ್ದು, ಅನ್ನಕ್ಕೆ ದಾರಿಯಾದದ್ದು, ಒಬ್ಬರ ಮನಸ್ಸು ಒಬ್ಬರಿಗೆ ಅಷ್ಟಾಗಿ ತಿಳಿಯದೇ ಇದ್ದದ್ದು. ಆದ್ದರಿಂದ ನಾನೂ ಅವರನ್ನು ‘ಅವರು’ ಎಂದೇ ಕರೆಯುತ್ತೇನೆ. ನನ್ನ ಹೆಂಡತಿ ಸುಮಿತ್ರೆಯಂತೂ ಮದುವೆಯಾದಂದಿನಿಂದ ‘ನಿಮ್ಮ ಅವರು’ ಎನ್ನುತ್ತಾ ಬಂದಿದ್ದಾಳೆ.

ಗೊತ್ತು ಮಾಡಿದ ಹಿರಿಯರು ಶೇಷಗಿರಿ ಮೇಷ್ಟ್ರು. ಎಂ.ಎ. ತರಗತಿಯಲ್ಲಿ ನಮಗೆ ನೋಟ್ಸ್ ಬರೆಸುತ್ತಿದ್ದವರು. ‘ಅವರ ಜೀವನ ಮತ್ತು ಅವರ ಮೇಲಾದ ಪ್ರಭಾವಗಳು’ ಎಂಬುದು ವರ್ಷ ಬಿಟ್ಟು ವರ್ಷ ಬರುವ ಇಪ್ಪತ್ತು ಅಂಕದ ಪ್ರಶ್ನೆ. ಮೇಷ್ಟ್ರ ಲೆಕ್ಕದಲ್ಲಿ ಪ್ರಭಾವಗಳು ಏಳು. ಎಂಟನೆಯದನ್ನು ಬರೆದವನಿಗೆ ಅಧಿಕಪ್ರಸಂಗಿ ಎಂದು ಅಂಕ ಕಳೆಯುತ್ತಿದ್ದರು. ತಾಯಿ ಓದಿ ಹೇಳುತ್ತಿದ್ದ ಬೈಬಲ್ಲು, ಮರವಿಲ್ಲದ ಜೌಗು ಬಯಲು, ದೆವ್ವದ ಕಥೆ ಹೇಳುತ್ತಿದ್ದ ಸೋದರತ್ತೆ, ಅಂಚೆಕಚೇರಿಯಲ್ಲಿ ಹತ್ತು ವರ್ಷ ಮುದ್ರೆ ಒತ್ತಿದ ಗುಮಾಸ್ತಗಿರಿ. ಫ್ರೆಂಚ್ ಸಾಹಿತ್ಯ ಆರನೆಯದು. ಅದು ಯಾವ ಇಂಗ್ಲಿಷ್ ಲೇಖಕರಿಗೆ ಹಾಕಿದರೂ ಒಗ್ಗುತ್ತದೆ, ಒಗ್ಗರಣೆಗೆ ಸಾಸಿವೆ ಇದ್ದ ಹಾಗೆ. ಏಳನೆಯದು ದೀರ್ಘಕಾಲದ ಹೊಟ್ಟೆನೋವು.

ಮೊದಲನೆಯದನ್ನು ಬೇಕೆಂದೇ ಕೊನೆಗಿಟ್ಟುಕೊಂಡೆ. ಅವರ ತಂದೆ ಕಾಲುವೆಯಲ್ಲಿ ದೋಣಿಯ ಮೇಲೆ ಧಾನ್ಯ ಸಾಗಿಸುತ್ತಿದ್ದವರು. ಅವರಿಗೆ ಎಂಟು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ ಆ ತಂದೆ ಟೋಪಿ ಹಾಕಿಕೊಂಡು, ‘ನಾನಿನ್ನು ಹೊರಟೆ’ ಎಂದು ಹೇಳಿ ಹೋದವರು ಮತ್ತೆ ಬರಲಿಲ್ಲ. ಸತ್ತರೋ, ಓಡಿಹೋದರೋ, ಯಾರಿಗೂ ತಿಳಿಯಲಿಲ್ಲ. ಆವತ್ತಿನಿಂದ ತಾಯಿ ತಾವಿರುವ ತನಕ ಮುಂಬಾಗಿಲಿಗೆ ಚಿಲಕ ಹಾಕಲಿಲ್ಲವಂತೆ. ಹಾಗಾಗಿ ಹನ್ನೊಂದು ಕಾದಂಬರಿಗಳಲ್ಲೂ ಎಲ್ಲಾದರೊಂದು ಕಡೆ ಚಿಲಕ ಹಾಕದ ಒಬ್ಬ ಹೆಂಗಸು ಬರುತ್ತಾಳೆ. ನೋಟ್ಸಿನಲ್ಲಿ ಇದು ‘ಒಂದು: ತಂದೆಯ ಅನುಪಸ್ಥಿತಿ’ ಎಂದು ಒಂದೂವರೆ ಸಾಲಿನಲ್ಲಿತ್ತು. ಅದನ್ನು ಬರೆಸಿದ ದಿನ ಮೇಷ್ಟ್ರು ಕನ್ನಡಕ ತೆಗೆದು, ಇಡೀ ವರ್ಷದಲ್ಲಿ ಒಂದೇ ಒಂದು ಸಲ ಕನ್ನಡದಲ್ಲಿ ಮಾತಾಡಿದರು: “ನೋಡ್ರಯ್ಯಾ, ಅವರಲ್ಲಿ ಹೋಗೋವಾಗ ಹೋಗ್ತೀನಿ ಅಂತ್ಲೇ ಹೇಳೋದು. ಬರ್ತೀನಿ ಅಂದಿದ್ದಿದ್ರೆ ಆ ಮನುಷ್ಯ ವಾಪಸ್ ಬರ್ತಿದ್ದನೋ ಏನೋ.” ಕ್ಲಾಸೆಲ್ಲ ನಕ್ಕಿತು. ನೋಟ್ಸ್ ಅಲ್ಲವಲ್ಲ, ಯಾರೂ ಬರೆದುಕೊಳ್ಳಲಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ಅಮೆರಿಕಕ್ಕೆ ಹೋದದ್ದು ನಾನಲ್ಲ, ಸುಮಿತ್ರೆ. ನಾನು ಅವಳ ಜೊತೆಯಲ್ಲಿ ಹೋದ ಸಾಮಾನು. ಅವಳು ಡಾಕ್ಟರು. ಶಿಕಾಗೋದ ಪಶ್ಚಿಮಕ್ಕಿರುವ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ಎಂಬ ತರಬೇತಿಯ ಕೆಲಸ ಸಿಕ್ಕಿತು, ಡೌನರ್ಸ್ ಗ್ರೋವಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟ್ ಹಿಡಿದೆವು. ನಾನು ಸುತ್ತಲಿನ ಕಾಲೇಜುಗಳಿಗೆಲ್ಲ ಅಪ್ಲೈ ಮಾಡಿದೆ. ಬಂದ ಉತ್ತರಗಳು ಬಹಳ ವಿನಯದಿಂದ ಕೂಡಿದ್ದವು. ಇಂಗ್ಲಿಷ್ ಕಲಿಸುವುದಕ್ಕೆ ಮಂಡ್ಯದಿಂದ ಜನ ಬೇಕೆಂದು ಇಲಿನಾಯ್ ರಾಜ್ಯಕ್ಕೆ ಅನ್ನಿಸಿರಲಿಲ್ಲ. ಅಲ್ಲಿನ ಕನ್ನಡಿಗರು ಆಗ ಬೆರಳೆಣಿಕೆಯಷ್ಟು, ಅವರಲ್ಲೂ ಮುಕ್ಕಾಲು ಪಾಲು ಡಾಕ್ಟರು. ಒಂದು ಯುಗಾದಿ ಊಟದಲ್ಲಿ ಬೆಂಗಳೂರಿನ ಒಬ್ಬರು ಕೋಸಂಬರಿ ಬಡಿಸಿಕೊಳ್ಳುತ್ತಾ ಕೇಳಿದರು: “ನಿಮ್ದು ಯಾವ ಸ್ಪೆಷಾಲಿಟಿ ಸಾರ್?” “ಹತ್ತೊಂಬತ್ತನೇ ಶತಮಾನ” ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಪಾಯಸದ ಕಡೆಗೆ ಹೋದರು.

ಸುಮಿತ್ರೆ ಒಂದು ದಿನ ಬೆಳಿಗ್ಗೆ ಹೋದರೆ ಮಾರನೆಯ ದಿನ ಸಂಜೆ ಬರುತ್ತಿದ್ದಳು. ಬಂದವಳು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಅವಳನ್ನು ಎಬ್ಬಿಸಿ ಮಾತಾಡಿಸುವುದು ಪಾಪದ ಕೆಲಸ. ಹೀಗಾಗಿ ನಾನು ಅಡಿಗೆ ಕಲಿತೆ, ಬಟ್ಟೆ ಒಗೆಯುವ ಮಷೀನಿನ ಮನೋಧರ್ಮ ಕಲಿತೆ, ಕಿಟಕಿಯ ಪಕ್ಕ ಕುಳಿತು ಹಿಮ ನೋಡುವುದನ್ನು ಕಲಿತೆ. ಹಿಮ ಮೊದಲ ದಿನ ಚೆಂದ. ಹದಿನೈದನೆಯ ದಿನಕ್ಕೆ, ಎಲ್ಲರೂ ಎದ್ದು ಹೋದ ಮೇಲೆ ಮಡಿಚದೆ ಬಿಟ್ಟ ಜಮಖಾನದ ಹಾಗೆ ಬಿದ್ದಿರುತ್ತದೆ. ಹೊರಗೆ ಸಿಕ್ಕವರು ‘ಹಾಯ್, ಹೇಗಿದ್ದೀರಿ’ ಎಂದು ಕೇಳುತ್ತಿದ್ದರು. ನಾನು ಮಂಡ್ಯದವನು, ಕೇಳಿದರಲ್ಲ ಎಂದು ನಿಂತು ಹೇಗಿದ್ದೇನೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಕಾರಿನೊಳಗೆ ಇರುತ್ತಿದ್ದರು.

ಇನ್ನೊಂದು ಸಂಗತಿ ಇದೆ. ಹೇಳಲು ನಾಚಿಕೆಯಾದರೂ ಹೇಳಿಬಿಡುತ್ತೇನೆ. ಆಗ ಫೋನಿನಲ್ಲಿ ಒಂದು ನಂಬರ್ ತಿರುಗಿಸಿದರೆ ಒಬ್ಬ ಹೆಂಗಸಿನ ಧ್ವನಿ ಗಂಟೆ ಎಷ್ಟಾಯಿತು ಎಂದು ಹೇಳುತ್ತಿತ್ತು. ರೆಕಾರ್ಡು ಮಾಡಿಟ್ಟ ಧ್ವನಿ. ನನ್ನ ಕೈಯಲ್ಲಿ ವಾಚಿತ್ತು, ಗೋಡೆಯ ಮೇಲೆ ಗಡಿಯಾರವಿತ್ತು. ಆದರೂ ದಿನಕ್ಕೆ ಮೂರು ನಾಲ್ಕು ಸಲ ಆ ನಂಬರ್ ತಿರುಗಿಸುತ್ತಿದ್ದೆ. ಆಕೆ ಬಹಳ ಸಮಾಧಾನದವಳು. ಒಂದು ಸಲ ನಾನು ‘ಥ್ಯಾಂಕ್ಯೂ’ ಎಂದದ್ದೂ ಉಂಟು. ಹಗಲೆಲ್ಲ ಬಾಯಿ ಬಿಡದೆ ಕಳೆದ ಮೇಲೆ ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಅನ್ನಿಸಿ, ರಿಸೀವರ್ ಇಟ್ಟು ಸ್ವಲ್ಪ ಹೊತ್ತು ಅತ್ತೆ.

ಊರಿನ ಲೈಬ್ರರಿ ನಡೆದುಹೋಗುವಷ್ಟು ದೂರದಲ್ಲಿತ್ತು. ಒಂದು ಮಂಗಳವಾರ ಕಾಲು ಬೆಚ್ಚಗೆ ಮಾಡಿಕೊಳ್ಳಲು ಒಳಗೆ ಹೋದೆ. ಹಿಂದಿನ ಕಪಾಟಿನಲ್ಲಿ ಅವರು ಕುಳಿತಿದ್ದರು, ಹನ್ನೊಂದಕ್ಕೆ ಹನ್ನೊಂದೂ, ಗೆದ್ದಲು ಮುಟ್ಟದೆ. ಪರದೇಶದಲ್ಲಿ ಸ್ವಂತ ಊರಿನವರು ಸಿಕ್ಕಿದರೆ ಆಗುವ ಸಂತೋಷವೇ ಆಯಿತು. ಅರ್ಧಕ್ಕೆ ನಿಂತಿದ್ದ ಆ ಮೂರನೆಯದನ್ನು ತೆಗೆದುಕೊಂಡು ಮೇಜಿನ ಹತ್ತಿರ ಹೋದೆ. ಪುಸ್ತಕಕ್ಕೆ ತಾರೀಖು ಒತ್ತುತ್ತಿದ್ದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಬೂದು ಬಣ್ಣದ ಸ್ವೆಟರು. ನಾನು ಪರಿಚಯ ತೋರಿಸಿಕೊಳ್ಳಲು ಕಾದಂಬರಿಕಾರರ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಆಕೆ ತಲೆಯೆತ್ತಿ, “ಯಾರು?” ಎಂದರು. ಮತ್ತೊಮ್ಮೆ ಹೇಳಿದೆ. ಆಕೆ ಪುಸ್ತಕದ ಬೆನ್ನು ನೋಡಿ, “ಓ, ಇವರಾ!” ಎಂದು ಉಚ್ಚರಿಸಿದರು. ಬರೆದ ಎಂಟು ಅಕ್ಷರಗಳಲ್ಲಿ ಮೂರನ್ನು ನುಂಗಿಯೇ ಹೇಳಬೇಕಾದ ಹೆಸರಂತೆ ಅದು. ನಾನು ಆರು ವರ್ಷ ಎಂಟನ್ನೂ ನಿಷ್ಠೆಯಿಂದ ಉಚ್ಚರಿಸಿದ್ದೆ. ಮಂಡ್ಯ ಜಿಲ್ಲೆಯ ಒಂದು ತಲೆಮಾರು ಅವರನ್ನು ಬೇರೆಯೇ ಹೆಸರಿನಿಂದ ಬಲ್ಲದು. ಹೆಸರು ಹೇಳುವುದಿಲ್ಲ ಎಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ.

ಆಕೆ ಮಿಸೆಸ್ ಪೀಟರ್ಸನ್. ಹೆಸರು ಗಂಡನ ಕಡೆಯದು, ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅದೂ ನಮ್ಮ ಕಾದಂಬರಿಕಾರರ ಜೌಗು ಬಯಲಿನಿಂದ ಆರೇಳು ಮೈಲಿ ದೂರದಲ್ಲಿ. ಯುದ್ಧ ಮುಗಿದಾಗ ಒಬ್ಬ ಅಮೆರಿಕನ್ ಸೈನಿಕನನ್ನು ಮದುವೆಯಾಗಿ ಹಡಗು ಹತ್ತಿ ಬಂದವರು. ಗಂಡ ತೀರಿಕೊಂಡು ನಾಲ್ಕು ವರ್ಷ, ಮಗಳು ಮಿಷಿಗನ್‌ನಲ್ಲಿ. ವಾರಕ್ಕೆ ಮೂರು ದಿನ ಲೈಬ್ರರಿಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದರು. ನಾನು ವಾರಕ್ಕೊಂದು ಕಾದಂಬರಿ ಓದಿ, ಹಿಂತಿರುಗಿಸುವಾಗ ಅದರ ಬಗ್ಗೆ ಕೇಳುತ್ತಿದ್ದೆ. ಆ ಬಯಲಿನಲ್ಲಿ ಗಾಳಿ ಹೇಗೆ ಬೀಸುತ್ತದೆ, ಕಾಲುವೆಯ ನೀರು ಯಾವ ಬಣ್ಣ, ದೋಣಿಯವರು ಏನು ತಿನ್ನುತ್ತಾರೆ ಎಂದೆಲ್ಲ ಆಕೆ ಹೇಳುತ್ತಿದ್ದರು. ಇಪ್ಪತ್ತೈದು ವರ್ಷ ಆಕೆಯನ್ನೂ ಯಾರೂ ಅದನ್ನು ಕೇಳಿರಲಿಲ್ಲವೆಂದು ತೋರುತ್ತದೆ. ಮಂಗಳವಾರ ಬರಲಿ ಎಂದು ನಾನು ಬುಧವಾರದಿಂದಲೇ ಕಾಯತೊಡಗಿದೆ. ಟೈಮು ಹೇಳುವವಳಿಗೆ ಫೋನು ಮಾಡುವುದು ತಾನಾಗಿಯೇ ಕಡಿಮೆಯಾಯಿತು.

ಜನವರಿಯ ಒಂದು ಗುರುವಾರ ಮಿಸೆಸ್ ಪೀಟರ್ಸನ್ ನನ್ನನ್ನು ಮನೆಗೆ ಟೀಗೆ ಕರೆದರು. ಅಮೆರಿಕದಲ್ಲಿ ನನ್ನನ್ನು ನಾನೆಂದು, ಡಾಕ್ಟರ ಗಂಡ ಎಂದಲ್ಲದೆ, ಕರೆದ ಮೊದಲ ಮನೆ ಅದು. ಟೈ ಕಟ್ಟಿಕೊಂಡು ಹೋದೆ. ಎರಡು ಗಂಟೆ ಮಾತಾಡಿದೆವು. ನಾಲ್ಕು ಗಂಟೆಗೆ ಎದ್ದು, ಕೋಟು ಹಾಕಿಕೊಂಡು, ನಮ್ಮಜ್ಜಿ ಕಲಿಸಿದ ಹಾಗೆ ಹೊಸ್ತಿಲ ಹತ್ತಿರ ನಿಂತು, “ಓಕೆ ಮಿಸೆಸ್ ಪೀಟರ್ಸನ್, ಐ ವಿಲ್ ಗೋ ಅಂಡ್ ಕಮ್” ಎಂದೆ.

ಅಜ್ಜಿಯ ವಿಷಯ ಹೇಳಬೇಕು. ಚಿಕ್ಕವನಿದ್ದಾಗ ಸ್ಕೂಲಿಗೆ ಹೊರಡುವ ಆತುರದಲ್ಲಿ ‘ಅಜ್ಜೀ ಹೋಗ್ತೀನಿ’ ಎಂದುಬಿಟ್ಟರೆ ಅವಳು ಅಂಗಳದವರೆಗೂ ಅಟ್ಟಿಸಿಕೊಂಡು ಬರುತ್ತಿದ್ದಳು. “ಬಿಡ್ತು ಅನ್ನು! ಹೋಗ್ತಾನಂತೆ! ಹೋಗಿ ಬರ್ತೀನಿ ಅನ್ನೋ!” ಎಂದು ಹೇಳಿಸಿಯೇ ಬಿಡುತ್ತಿದ್ದಳು. ಹಾಗೆ ಹೇಳದೆ ಹೋಗುವವರು ಒಂದೇ ಒಂದು ಸಲ, ನಾಲ್ಕು ಜನರ ಹೆಗಲ ಮೇಲೆ ಹೋಗುತ್ತಾರಂತೆ. ಮೂರನೆಯ ವಯಸ್ಸಿನಲ್ಲಿ ನಾಲಿಗೆಯ ಮೇಲೆ ಕುಳಿತ ಮಾತು ಅದು, ಎಂ.ಎ. ಪದವಿಗೆಲ್ಲ ಜಗ್ಗುವಂಥದ್ದಲ್ಲ.

ಮಿಸೆಸ್ ಪೀಟರ್ಸನ್ ಒಂದು ಕ್ಷಣ ಗಡಿಯಾರದ ಕಡೆ ನೋಡಿ, “ವಿಲ್ ಯೂ ಬಿ ಲಾಂಗ್?” ಎಂದು ಕೇಳಿದರು. ಹಿಮದಲ್ಲಿ ಬಹಳ ದೂರ ನಡೆಯಬೇಕೇನೋ ಎಂಬ ಕನಿಕರ ಎಂದುಕೊಂಡು, “ನೋ ನೋ, ಟೆನ್ ಮಿನಿಟ್ಸ್!” ಎಂದು ನಕ್ಕು ಮನೆಗೆ ಬಂದೆ. ಬಂದು ಟೈ ಬಿಚ್ಚಿ, ಸಾರಿಗೆ ಬೇಳೆ ಇಟ್ಟು, ಬಹಳ ದಿನಗಳ ಮೇಲೆ ಒಂದು ಹಾಡು ಗುನುಗಿದೆ.

ಮುಂದಿನ ಮಂಗಳವಾರ ಆಕೆ ಪುಸ್ತಕಕ್ಕೆ ತಾರೀಖು ಒತ್ತಿ ನನ್ನ ಕಡೆಗೆ ತಳ್ಳಿ, “ನೆಕ್ಸ್ಟ್, ಪ್ಲೀಸ್” ಎಂದರು. ನನ್ನ ಹಿಂದೆ ಯಾರೂ ಇರಲಿಲ್ಲ. ಅದರ ಮುಂದಿನ ಮಂಗಳವಾರವೂ ಹಾಗೇ. ಅಂಚೆಕಚೇರಿಯ ಬಗ್ಗೆ ಏನೋ ಕೇಳಿದೆ. “ನನಗೆ ಗೊತ್ತಿಲ್ಲ” ಎಂದರು. ಸಿಟ್ಟು ಮಾಡಿದ್ದರೆ ಕಾರಣವನ್ನಾದರೂ ಕೇಳಬಹುದಿತ್ತು. ಅದು ಸಿಟ್ಟಲ್ಲ, ಬರೀ ಮರ್ಯಾದೆ. ಇಂಗ್ಲಿಷಿನವರ ಮರ್ಯಾದೆಗೆ ಹೆದರುವಷ್ಟು ನಾನು ಅವರ ಸಿಟ್ಟಿಗೂ ಹೆದರಿದವನಲ್ಲ.

ಮನೆಗೆ ಬಂದು ನನ್ನ ತಪ್ಪುಗಳನ್ನು ಹುಡುಕತೊಡಗಿದೆ. ಕೆಲಸವಿಲ್ಲದವನಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಟೀಯನ್ನು ಸೊರ್ರೆಂದು ಹೀರಿದೆನೆ? ಬಿಸ್ಕತ್ತನ್ನು ಅದ್ದಿದ್ದು ತಪ್ಪಾಯಿತೆ? ಆದರೆ ಆಕೆಯೂ ಅದ್ದಿದ್ದರು. ಬೂಟು ಬಿಚ್ಚಿಟ್ಟಾಗ ಕಾಲುಚೀಲದಲ್ಲಿ ತೂತು ಕಂಡಿತೆ? ಗಂಡನ ಫೋಟೋ ನೋಡಿ ‘ಒಳ್ಳೆಯ ಆರೋಗ್ಯವಂತರು’ ಎಂದಿದ್ದೆ, ಸತ್ತವರ ಬಗ್ಗೆ ಹಾಗೆನ್ನಬಾರದಿತ್ತೇನೋ. ಫೆಬ್ರವರಿಯೆಲ್ಲ ಹೀಗೆ ಕಳೆಯಿತು. ಮೊದಲು ಯಾರೂ ಇರಲಿಲ್ಲ, ಅದನ್ನು ಹೇಗೋ ತಡೆದುಕೊಂಡಿದ್ದೆ. ಒಬ್ಬರು ಸಿಕ್ಕಿ, ಆಮೇಲೆ ಇಲ್ಲದಂತಾದದ್ದನ್ನು ತಡೆದುಕೊಳ್ಳುವುದು ಬೇರೆ ಮಾತು. ಲೈಬ್ರರಿಗೆ ಹೋಗುವುದನ್ನು ಬಿಟ್ಟೆ. ಎಂಟನೆಯ ಕಾದಂಬರಿ ವಾಯಿದೆ ಮೀರಿ ಮನೆಯಲ್ಲೇ ಉಳಿಯಿತು. ಮತ್ತೆ ಟೈಮು ಹೇಳುವವಳ ನಂಬರ್ ತಿರುಗಿಸಿದೆ. ಆಕೆ ಸ್ವಲ್ಪವೂ ಬದಲಾಗಿರಲಿಲ್ಲ.

ಒಂದು ಭಾನುವಾರ ಸುಮಿತ್ರೆಗೆ ರಜೆ. ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ನನ್ನ ಮುಖ ನೋಡಿ, ರೋಗಿಯನ್ನು ಕೇಳುವ ಹಾಗೆ ಒಂದೊಂದೇ ಕೇಳಿದಳು.

“ಹೋದ್ರಿ, ಕೂತ್ಕೊಂಡ್ರಿ, ಟೀ ಕುಡಿದ್ರಿ. ಹೊರಡೋವಾಗ ಏನಂದ್ರಿ?”

“ಏನನ್ನಲಿ? ಹೋಗಿ ಬರ್ತೀನಿ ಅಂದೆ.”

“ಇಂಗ್ಲಿಷಲ್ಲಾ?”

“ಮತ್ತಿನ್ನೇನು, ಕನ್ನಡದಲ್ಲಿ ಹೇಳ್ಲಾ?”

ಸುಮಿತ್ರೆ ಚಮಚ ಕೆಳಗಿಟ್ಟಳು. “ಅಯ್ಯೋ ರಾಮ! ರೀ, ಬಂದ ಹೊಸದ್ರಲ್ಲಿ ನಾನೂ ವಾರ್ಡಲ್ಲಿ ಒಬ್ರು ಅಜ್ಜನಿಗೆ ಹಾಗೇ ಹೇಳಿ ಮನೆಗೆ ಬಂದ್ಬಿಟ್ಟಿದ್ದೆ. ಡಾಕ್ಟ್ರು ಈಗ ಬರ್ತೀನಿ ಅಂದಿದಾರೆ ಅಂತ ಅವ್ರು ಮಧ್ಯಾಹ್ನದ ಊಟಾನೇ ಮುಟ್ಟಿರ್ಲಿಲ್ವಂತೆ. ಪಾಪ, ಅವರು ನಿಮಗೋಸ್ಕರ ಕಾದಿರ್ತಾರೆ ಕಣ್ರೀ!”

“ಇದನ್ನ ನನಗ್ಯಾಕೆ ಮೊದ್ಲೇ ಹೇಳ್ಲಿಲ್ಲ?”

“ಇಂಗ್ಲಿಷ್ ಮೇಷ್ಟ್ರಿಗೆ ನಾನೇನ್ ಇಂಗ್ಲಿಷ್ ಹೇಳಿಕೊಡೋದು ಅಂತ ಸುಮ್ನಿದ್ದೆ.”

ಉಪ್ಪಿಟ್ಟು ಅಲ್ಲೇ ಬಿಟ್ಟು ಕೋಟು ಹಾಕಿಕೊಂಡೆ. ಮಿಸೆಸ್ ಪೀಟರ್ಸನ್ ಬಾಗಿಲು ತೆಗೆದು, ಒಳಗೆ ಕರೆಯದೆ, ಹೊಸ್ತಿಲಲ್ಲೇ ನಿಂತರು. ನಾನು ಏದುಸಿರು ಬಿಡುತ್ತಾ, “ಆವತ್ತು ನೀವು ನನಗಾಗಿ ಕಾದಿರಾ?” ಎಂದೆ. ಆಕೆ ಹೌದೆಂದು ತಲೆಯಾಡಿಸಿದರು. ಆಮೇಲೆ ಹೇಳಿದ್ದನ್ನು ಕನ್ನಡದಲ್ಲಿ ಕೊಡುತ್ತೇನೆ.

“ಹೆಂಡತಿಯನ್ನು ಕರೆದುಕೊಂಡು ಬರಲು ಹೋಗಿದ್ದೀರಿ ಅಂದುಕೊಂಡೆ. ಮಾಂಸ ತಿನ್ನುವುದಿಲ್ಲ ಅಂದಿದ್ದಿರಿ, ಅದಕ್ಕೆ ಚೀಸು ಈರುಳ್ಳಿ ಹಾಕಿ ಪೈ ಮಾಡಿದೆ, ನಮ್ಮ ಕಡೆಯದು. ಮೂರು ತಟ್ಟೆ ಇಟ್ಟೆ. ಕತ್ತಲೆಯಾಗಿತ್ತು, ಹಿಮ ಬೀಳುತ್ತಿತ್ತು. ನೀವು ಬಂದು ಗಂಟೆ ಒತ್ತಿ ಹೊರಗೆ ನಿಲ್ಲುವುದು ಬೇಡವೆಂದು ಚಿಲಕ ತೆಗೆದೇ ಇಟ್ಟಿದ್ದೆ. ಎಂಟು ಗಂಟೆಗೆ ನೋಡಿದರೆ ಗಾಳಿಗೆ ಬಾಗಿಲು ತೆರೆದುಕೊಂಡು ನಡುಮನೆಯ ಹಾಸಿನ ಮೇಲೆಲ್ಲ ಹಿಮ ಬಂದಿತ್ತು.”

ಒಂದು: ತಂದೆಯ ಅನುಪಸ್ಥಿತಿ. ಒಂದೂವರೆ ಸಾಲು. ಆರು ವರ್ಷ, ವರ್ಷಕ್ಕೆ ಎರಡು ಸೆಕ್ಷನ್ನಿಗೆ, ಅಂಕ ಹೇಗೆ ಗಿಟ್ಟಿಸಬೇಕೆಂಬ ಸೂಚನೆಯ ಸಮೇತ ನಾನು ಬರೆಸಿದ್ದು. ಆ ತಾಯಿ ಎಂಥ ಚಳಿಯಲ್ಲಿ ಚಿಲಕ ತೆಗೆದಿಟ್ಟಿದ್ದಳು, ಒಳಗೆ ಎಷ್ಟು ತಟ್ಟೆ ಇಟ್ಟಿದ್ದಳು ಎಂದು ಒಂದು ದಿನವೂ ಯೋಚಿಸಿದವನಲ್ಲ. ಈಗ ಆ ಬಾಗಿಲಿನ ಎದುರಿಗೇ ನಿಂತಿದ್ದೆ. ಟೋಪಿ ಹಾಕಿಕೊಂಡು ಹೋದ ಮನುಷ್ಯ ನಾನೇ ಆಗಿದ್ದೆ. ನನಗೆ ಬಹಳ ನಾಚಿಕೆಯಾಯಿತು, ಬಹಳ ದುಃಖವೂ ಆಯಿತು.

ಹೊಸ್ತಿಲ ಹೊರಗೆ ನಿಂತೇ ಅಜ್ಜಿಯ ಕಥೆ ಹೇಳಿದೆ. ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಎನ್ನುವ ಹಾಗಿಲ್ಲ, ಬರುತ್ತೇನೆ ಎಂದೇ ಹೇಳಬೇಕು ಎಂದೆ. ಮಿಸೆಸ್ ಪೀಟರ್ಸನ್ ಗಮನವಿಟ್ಟು ಕೇಳಿದರು.

“ಅಂದರೆ ನೀವು ಬರುತ್ತೇನೆ ಎಂದರೆ ಹೋಗುತ್ತೀರಿ.”

“ಹೌದು.”

“ಹಾಗಾದರೆ ನಿಜವಾಗಿಯೂ ಬರುವಾಗ ಏನನ್ನುತ್ತೀರಿ?”

ನಾನು ಯೋಚಿಸಿದೆ. ಅಡಿಗೆಮನೆಯಿಂದ ಅಮ್ಮ ಕರೆದಾಗ ಕೂತಲ್ಲಿಂದಲೇ ಕೂಗುತ್ತಿದ್ದ ಮಾತು ನೆನಪಾಯಿತು. “ಬಂದೆ ಅನ್ನುತ್ತೇವೆ. ಬಂದಾಯಿತು ಅಂತ.”

“ಇನ್ನೂ ಬಂದಿರುವುದಿಲ್ಲ?”

“ಎದ್ದಿರುವುದೂ ಇಲ್ಲ.”

“ದೇವರೇ! ನಿಮ್ಮ ದೇಶದಲ್ಲಿ ಒಬ್ಬರಿಗೊಬ್ಬರು ಸಿಕ್ಕುವುದಾದರೂ ಹೇಗೆ?” ಎಂದು ಮಿಸೆಸ್ ಪೀಟರ್ಸನ್ ನಕ್ಕರು. ನಗುತ್ತಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಆಮೇಲೆ ಪ್ರತಿ ಗುರುವಾರವೂ ಆಕೆಯ ಮನೆಯಲ್ಲಿ ಟೀ ಎಂದಾಯಿತು. ಆ ಪೈ ಕೊನೆಗೂ ತಿಂದೆವು, ಸುಮಿತ್ರೆಯೂ ಬಂದಳು, ತಿನ್ನುತ್ತಲೇ ತೂಕಡಿಸಿದಳು. ಹನ್ನೊಂದೂ ಕಾದಂಬರಿಗಳು ಮುಗಿದವು. ಗೆದ್ದಲು ತಿಂದಿದ್ದ ನೂರು ಪುಟಗಳಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಅದು ನನ್ನ ವೇಳೆಯನ್ನು ಉಳಿಸಿತ್ತು. ಹೊರಡುವಾಗ ಮಾತ್ರ ನಾನು ಬಹಳ ಎಚ್ಚರವಾಗಿರುತ್ತಿದ್ದೆ. ‘ಗುಡ್ ಬೈ’ ಎಂದು ಖಡಾಖಂಡಿತವಾಗಿ ಹೇಳುತ್ತಿದ್ದೆ. ಪ್ರತಿ ಸಲವೂ ಅಂಗಳದ ತನಕ ಅಜ್ಜಿ ಅಟ್ಟಿಸಿಕೊಂಡು ಬಂದ ಹಾಗಾಗುತ್ತಿತ್ತು.

ಮರುವರ್ಷ ಸೆಪ್ಟೆಂಬರಿನಲ್ಲಿ ಮಿಸೆಸ್ ಪೀಟರ್ಸನ್ ಮನೆ ಮಾರಿದರು. ಮಗಳು ಡೆಟ್ರಾಯ್ಟ್ ಹತ್ತಿರದ ವಿಕ್ಸಮ್ ಎಂಬ ಸಣ್ಣ ಊರಿನಲ್ಲಿದ್ದಳು, ಅಳಿಯನಿಗೆ ಅಲ್ಲೇ ಕಾರಿನ ಕಾರ್ಖಾನೆಯಲ್ಲಿ ಕೆಲಸ. ಮೊಣಕಾಲು ನೋವು ಹೆಚ್ಚಿತ್ತು, ಇನ್ನೊಂದು ಚಳಿಗಾಲವನ್ನು ಒಬ್ಬಳೇ ಕಳೆಯಲಾರೆ ಎಂದರು. ಮಗಳ ಕಾರಿನಲ್ಲಿ ಸಾಮಾನು ತುಂಬಿದ್ದ ದಿನ ಹೋಗಿ ಕೈಕುಲುಕಿ ‘ಗುಡ್ ಬೈ’ ಎಂದೆ. ಆಕೆ ಕೈ ಬಿಡಲಿಲ್ಲ.

“ಅಷ್ಟೇನಾ? ನಿಮ್ಮಜ್ಜಿಯ ಮಾತು ಎಲ್ಲಿ?”

“ಐ ವಿಲ್ ಗೋ ಅಂಡ್ ಕಮ್” ಎಂದೆ. ನಿಜಕ್ಕೂ ಹೋಗುತ್ತಿದ್ದವರು ಆಕೆ, ನಿಂತಿದ್ದವನು ನಾನು. ಆದರೆ ಯಾರೂ ಅದನ್ನು ತಿದ್ದಲಿಲ್ಲ.

“ಯಾವಾಗ?” ಎಂದು ಮಿಸೆಸ್ ಪೀಟರ್ಸನ್ ಕೈಚೀಲದಿಂದ ಒಂದು ಚಿಕ್ಕ ಡೈರಿ ತೆಗೆದರು.

ನಮ್ಮ ಈ ಮಾತಿಗೆ ತಾರೀಖು ಕೇಳಿದವರು ಅವರೊಬ್ಬರೇ. ನಮ್ಮಜ್ಜಿಯ ಕೈಗೆ ಯಾರಾದರೂ ಡೈರಿ ಕೊಟ್ಟಿದ್ದರೆ ಏನೆನ್ನುತ್ತಿದ್ದಳೋ. ನಾನು ತಡವರಿಸಿ, ನವೆಂಬರಿನ ಒಂದು ಶನಿವಾರ, ಮಧ್ಯಾಹ್ನ ಒಂದು ಗಂಟೆಗೆ ಎಂದುಬಿಟ್ಟೆ. ಬರೆದುಕೊಂಡರು. ನನಗೆ ಡ್ರೈವ್ ಮಾಡಲು ಬರುತ್ತಿರಲಿಲ್ಲ, ವಿಕ್ಸಮ್ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ಹೀಗೆ ಆಡಿದ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ ಭಾನುವಾರಗಳಂದು ಆಸ್ಪತ್ರೆಯ ಖಾಲಿ ಪಾರ್ಕಿಂಗಿನಲ್ಲಿ ಸುಮಿತ್ರೆಯ ಪಕ್ಕ ಕುಳಿತು ಡ್ರೈವಿಂಗ್ ಕಲಿತೆ. ಹೆಂಡತಿಯ ಕೈಯಲ್ಲಿ ಡ್ರೈವಿಂಗ್ ಕಲಿತೂ ಸಂಸಾರ ಉಳಿಸಿಕೊಂಡವನು ಇನ್ಯಾವುದಕ್ಕೂ ಹೆದರಬೇಕಾಗಿಲ್ಲ. ಲೈಸೆನ್ಸ್ ಬಂದದ್ದರಿಂದ, ಕಾರಿಲ್ಲದೆ ಹೋಗಲಾಗದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಮಷೀನು ಬಿಡಿಭಾಗಗಳ ಕ್ಯಾಟಲಾಗ್ ತಿದ್ದುವ ಒಂದು ಕೆಲಸವೂ ಸಿಕ್ಕಿತು. ಹತ್ತೊಂಬತ್ತನೇ ಶತಮಾನದವನಿಗೆ ನಟ್ಟು ಬೋಲ್ಟಿನ ಕಾಗುಣಿತ.

ಆ ಶನಿವಾರ ಬೆಳಿಗ್ಗೆ ಹೊರಡುವ ಮೊದಲು ಟೈಮು ಹೇಳುವವಳಿಗೆ ಫೋನು ಮಾಡಿ, ವಾಚನ್ನು ಸೆಕೆಂಡಿನ ಸಮೇತ ಸರಿಮಾಡಿಕೊಂಡೆ. ಇನ್ನೊಂದು ಸಲ ಅವರನ್ನು ಕಾಯಿಸಬಾರದು. ದಾರಿಯಲ್ಲಿ ಎಲ್ಲೂ ಹೆಚ್ಚು ನಿಲ್ಲಲಿಲ್ಲ. ಹೆದ್ದಾರಿಯಿಂದ ವಿಕ್ಸಮ್‌ಗೆ ಇಳಿಯುವ ಎಕ್ಸಿಟ್ ಬಂದಾಗ ಒಂದಕ್ಕೆ ಐದು ನಿಮಿಷ. ಹೆಮ್ಮೆಯಿಂದ ಪೆಟ್ರೋಲ್ ಬಂಕಿನಲ್ಲಿ ದಾರಿ ಕೇಳಲು ಒಳಗೆ ಹೋದರೆ ಗೋಡೆಯ ಗಡಿಯಾರ ಎರಡಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಡೆಟ್ರಾಯ್ಟ್ ಕಡೆ ಗಡಿಯಾರ ಶಿಕಾಗೋಗಿಂತ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ನನ್ನ ಫೋನಿನ ಗೆಳತಿ ಒಂದು ದಿನವೂ ಹೇಳಿರಲಿಲ್ಲ.

ಬಡಾವಣೆ ಸಿಕ್ಕಿತು, ಬೀದಿಯೂ ಸಿಕ್ಕಿತು. ಅಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂಥವು, ಒಂದೇ ಬಣ್ಣ, ಒಂದೇ ಗ್ಯಾರೇಜು. ನಂಬರ್ ಬರೆದ ಚೀಟಿಗಾಗಿ ಜೇಬು ತಡಕಿದೆ. ಅದು ಡೌನರ್ಸ್ ಗ್ರೋವಿನಲ್ಲಿ ಫೋನಿನ ಪಕ್ಕದಲ್ಲೇ ಉಳಿದಿತ್ತು. ಮೂವತ್ತೆಂಟು ಡಿಗ್ರಿ ಚಳಿ, ಫ್ಯಾರನ್‌ಹೀಟಿನಲ್ಲಿ; ನಮ್ಮ ಲೆಕ್ಕಕ್ಕೆ ಮೂರು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಯಾವ ಬಾಗಿಲು ತಟ್ಟಲಿ ಎಂದು ಕಾರನ್ನು ನಿಧಾನವಾಗಿ ಉರುಳಿಸಿಕೊಂಡು ಹೋದೆ. ಎಲ್ಲ ಮನೆಗಳೂ ಭದ್ರವಾಗಿ ಮುಚ್ಚಿದ್ದವು. ಬೀದಿಯ ಕೊನೆಯ ಹತ್ತಿರ ಒಂದು ಮನೆಯ ಮುಂಬಾಗಿಲು ಮಾತ್ರ ಆ ಚಳಿಯಲ್ಲೂ ಒಂದು ಗೇಣು ತೆರೆದಿತ್ತು.

ನಾನು ನಂಬರ್ ನೋಡಲಿಲ್ಲ. ನೇರವಾಗಿ ಹೋಗಿ ತಳ್ಳಿದೆ. ಒಳಗೆ ಮಗಳು, “ಅಮ್ಮ ಹನ್ನೆರಡೂವರೆಯಿಂದ ಬಾಗಿಲು ಮುಚ್ಚಲು ಬಿಟ್ಟಿಲ್ಲ, ಊರನ್ನೆಲ್ಲ ಬೆಚ್ಚಗೆ ಮಾಡುತ್ತಿದ್ದೇವೆ” ಎಂದು ದೂರು ಹೇಳಿದಳು. ಮಿಸೆಸ್ ಪೀಟರ್ಸನ್ ಕೋಟು ಹಾಕಿಕೊಂಡೇ ಕುರ್ಚಿಯಲ್ಲಿ ಕುಳಿತಿದ್ದರು. ತಡವಾದದ್ದಕ್ಕೆ ಕ್ಷಮಿಸಿ ಎನ್ನಲು ಬಾಯಿ ತೆರೆದರೆ, ಅದರ ಬದಲು, “ಬಂದೆ” ಎಂದು ಕನ್ನಡವೇ ಹೊರಗೆ ಬಿತ್ತು. ಹಾಗೆಂದರೆ ಏನೆಂದು ಅವರಿಗೆ ನಾನೇ ಹಿಂದೆ ಹೇಳಿದ್ದೆನಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಈ ಸಲ ನಿಜವಾಗಿಯೂ ಬಂದಿದ್ದೀರಿ” ಎಂದರು.

ಊಟವಾಯಿತು. ನಮ್ಮ ಕಾದಂಬರಿಕಾರರ ಬಗ್ಗೆ ಮಾತಾಯಿತು. ಮಿಸೆಸ್ ಪೀಟರ್ಸನ್‌ಗೆ ಅಲ್ಲಿ ಮಾತಾಡಲು ಯಾರೂ ಇರಲಿಲ್ಲ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಲೈಬ್ರರಿ ನಡೆದುಹೋಗುವಷ್ಟು ಹತ್ತಿರವಿಲ್ಲ. ಫೋನಿನಲ್ಲಿ ಟೈಮು ಹೇಳುವವಳೊಬ್ಬಳಿದ್ದಾಳೆ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಮೂರೂವರೆಗೆ ಎದ್ದು ಕೋಟು ಹಾಕಿಕೊಂಡೆ. ಹೊಸ್ತಿಲ ಹತ್ತಿರ ನಿಂತು, ಯಾವ ಭಾಷೆಯ ಮರ್ಯಾದೆ ಕಾಪಾಡಲಿ ಎಂದು ಒಂದು ಕ್ಷಣ ಅನುಮಾನಿಸಿ, ಅಜ್ಜಿಯದನ್ನೇ ಹೇಳಿದೆ.

ನಾನು ಅವರಿಗೆ ಹೊರಡುವವರ ಮಾತನ್ನು ಮಾತ್ರ ಹೇಳಿದ್ದೆ. ನಿಂತವರು ಅದಕ್ಕೆ ಏನನ್ನಬೇಕೆಂದು ಹೇಳಿರಲಿಲ್ಲ, ಹೇಳಬೇಕೆಂದು ಹೊಳೆದೂ ಇರಲಿಲ್ಲ. ಮಿಸೆಸ್ ಪೀಟರ್ಸನ್ ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೊಣಕಾಲಿನ ಭಾರ ಬದಲಾಯಿಸಿ, ಬಹಳ ಸಹಜವಾಗಿ, “ಗೋ ಅಂಡ್ ಕಮ್, ದೆನ್” ಎಂದರು.

ವಾಪಸ್ಸು ಬರುವಾಗ ಒಂದು ಎಕ್ಸಿಟ್ ತಪ್ಪಿತು, ಎರಡು ಸಲ ಕಣ್ಣು ಒರೆಸಿಕೊಂಡೆ, ಕಳೆದುಕೊಂಡಿದ್ದ ಒಂದು ಗಂಟೆ ಇಂಡಿಯಾನಾದ ಗಡಿಯಲ್ಲಿ ಮತ್ತೆ ಸಿಕ್ಕಿತು. ಸುಮಿತ್ರೆ ಎಚ್ಚರವಾಗಿದ್ದಳು, ಅಪರೂಪಕ್ಕೆ.

“ಹೇಗಿದಾರ್ರೀ ಅವರು? ಹೊರಡೋವಾಗ ಏನಂದ್ರು?”

“ಹೋಗ್ಬಿಟ್ಟು ಬಾ ಅಂದ್ರು.”

“ಕನ್ನಡದಲ್ಲಾ?”

ನಾನು ಬೂಟು ಬಿಚ್ಚುತ್ತಾ ಯೋಚಿಸಿದೆ. “ಹ್ಞೂಂ ಕಣೇ. ಕನ್ನಡದಲ್ಲೇ” ಎಂದೆ.